ಸಂಗ್ರಹವೂ ಸ್ಮರಣೆಯೂ

ಇರುವೆಯು ಮಳೆಗಾಲಕ್ಕೆಂದು ಕಾಳನ್ನು ಕೂಡಿಡುತ್ತದೆ. ಜೇನು ಹೂವಿಲ್ಲದ ದಿನಗಳಿಗೆಂದು ತುಪ್ಪವನ್ನು ಕೂಡಿಡುತ್ತದೆ. ಇವೆರಡರ ಸಂಗ್ರಹಕ್ಕೂ ಒಂದು ಅಳತೆಯುಂಟು, ಒಂದು ಕೊನೆಯುಂಟು. ಮಾನವನ ಸಂಗ್ರಹಕ್ಕೆ ಮಾತ್ರ ಅಳತೆಯನ್ನು ಅವನೇ ಕಂಡುಕೊಳ್ಳಬೇಕು. ಹಸಿವಿಗೆಂದು ಕೂಡಿಡುವವನೂ ಅವನೇ. ಹಸಿವು ತೀರಿದ ಮೇಲೆ ಕಣ್ಣಿನ ತೃಪ್ತಿಗೆಂದು ಕೂಡಿಡುವವನೂ ಅವನೇ. ಮೊದಲನೆಯದನ್ನು ಯಾರೂ ನಿಂದಿಸಲಾರರು. ಎರಡನೆಯದು ದೋಷವೆ, ನಿರ್ದೋಷವೆ, ಅಥವಾ ಕೆಲವೊಮ್ಮೆ ಪುಣ್ಯವೂ ಆಗಬಲ್ಲುದೆ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಕಣ್ಣೆದುರಿನ ಒಂದು ನಿದರ್ಶನದಲ್ಲಿಟ್ಟು ನೋಡುವುದು ಲೇಸು. ಸೇನೆಯಲ್ಲಿ ದುಡಿದು ಹಳತಾದ ಜೀಪು, ಜೊಂಗಾ ಮೊದಲಾದ ವಾಹನಗಳನ್ನು ಲಿಲಾವಿನಲ್ಲಿಯೋ ಗುಜರಿಯಲ್ಲಿಯೋ ಕೊಂಡು, ದುರಸ್ತಿ ಮಾಡಿಸಿ ಮನೆಯ ಮುಂದೆ ನಿಲ್ಲಿಸಿಕೊಳ್ಳುವ ಹವ್ಯಾಸವು ಇಂದು ನಾಡಿನಲ್ಲಿ ಹಬ್ಬಿದೆ. ಅದರೊಡನೆ ಸೈನಿಕರ ನೀರಿನ ಡಬ್ಬಿ, ಶಿರಸ್ತ್ರಾಣ, ದುರ್ಬೀನು, ಪದಕಗಳನ್ನು ಕೂಡಿಡುವವರೂ ಉಂಟು. ಧಾರವಾಡ ಜಿಲ್ಲೆಯ ಹಳ್ಳಿಗರಿಗೆ ಜೀಪು ಅಪರಿಚಿತವಾದುದಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯು ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಮಳೆ ಬಿದ್ದರೆ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಕಲಘಟಗಿಯ ಕಡೆಗೆ ಹೋದರೆ ಕಾಡು, ದಿಬ್ಬ, ಗದ್ದೆಯ ಕೆಸರು. ಇಂಥ ನೆಲದಲ್ಲಿ ನಾಲ್ಕು ಗಾಲಿಗಳಿಗೂ ಎಳೆತವಿರುವ ಬಂಡಿಯ ಬೆಲೆಯನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವಾಹನದ ಹುಟ್ಟು ವಿಚಾರಾರ್ಹವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅಮೆರಿಕದ ಸೇನೆಯು ಹಗುರವಾದ, ಎಂಥ ದಾರಿಯಲ್ಲಿಯೂ ನಡೆಯಬಲ್ಲ ಗಾಡಿಯೊಂದನ್ನು ಬೇಡಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಮೊದಲ ಮಾದರಿಯನ್ನು 49 ದಿನಗಳ ಗಡುವಿನೊಳಗೆ ಮಾಡಿ ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆಯು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವುದರೊಳಗೆ ಸುಮಾರು 6,40,000 ಜೀಪುಗಳು ಹೊರಬಂದಿದ್ದವು. ಸುಮಾರು 60 ಕುದುರೆಶಕ್ತಿಯ, ನಾಲ್ಕು ಕೊಳವೆಗಳ ಸರಳ ಎಂಜಿನು. ಕೆಸರಿಗೆಂದೇ ಇರುವ ತಗ್ಗು ಗೇರು. ಕೆಲವೇ ಹತಾರುಗಳಿಂದ ಬಿಚ್ಚಿ ಕೂಡಿಸಬಹುದಾದ ಜೋಡಣೆ: ಇವೇ ಅದರ ಗುಣಗಳು. ಭಾರತದಲ್ಲಿ 1947ರಲ್ಲಿ ಮಹೀಂದ್ರ ಸಂಸ್ಥೆಯು ಬಿಡಿಭಾಗಗಳನ್ನು ತರಿಸಿ ಜೀಪು ಜೋಡಿಸತೊಡಗಿತು. ಮುಂದೆ ಜಬಲ್ಪುರದ ಸರಕಾರಿ ಕಾರ್ಖಾನೆಯು ಜಪಾನಿನ ನಿಸ್ಸಾನ್ ಮಾದರಿಯ ಮೇಲೆ ಜೊಂಗಾವನ್ನು ಸೇನೆಗಾಗಿ ತಯಾರಿಸಿತು. ಆ ಊರಿನ ಶಸ್ತ್ರಕಾರ್ಖಾನೆಗಳ ಹೆಸರಿನ ಆದ್ಯಕ್ಷರಗಳನ್ನು ಕೂಡಿಸಿಯೇ ಅದಕ್ಕೆ ಆ ಹೆಸರನ್ನಿಟ್ಟರು. ಅದರ ತಯಾರಿಕೆಯು 1999ರಲ್ಲಿ ನಿಂತಿತು. ನಿಂತುಹೋದುದು ಅಪರೂಪವಾಗುತ್ತದೆ, ಅಪರೂಪವಾದುದು ಆಸೆಯನ್ನು ಹುಟ್ಟಿಸುತ್ತದೆ. ಹವ್ಯಾಸದ ಬೇರು ಇಲ್ಲಿದೆ.

ಈಗ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಅವನು ಸತ್ಯದಿಂದ ಒಕ್ಕಲುತನ ಮಾಡಿದವನು. ಸಾಲವಿಲ್ಲ, ವ್ಯಸನವಿಲ್ಲ. ಅವನ ಅಂಗಳದಲ್ಲಿ ಒಂದು ಹಳೆಯ ಜೀಪು ಬಂದು ನಿಂತಿತು. ಎರಡನೆಯ ವರ್ಷ ಇನ್ನೊಂದು. ಮೂರನೆಯ ವರ್ಷ ದನದ ಕೊಟ್ಟಿಗೆಯನ್ನು ಕಿತ್ತು ಅಲ್ಲಿ ತಗಡಿನ ಚಪ್ಪರ ಹಾಕಿ ನಾಲ್ಕು ವಾಹನ ನಿಲ್ಲಿಸಿದನು. ಹೆಂಡತಿಯು ಕೇಳಿದಳು, "ನಮಗೆ ಹೊಲಕ್ಕೆ ಹೋಗಾಕ ಒಂದು ಸಾಲದೇನ್ರಿ?" ಅವನು ಉತ್ತರಿಸಿದನು, "ಯಾರ ಗಂಟೂ ಮುಟ್ಟಿಲ್ಲ; ನಾ ದುಡಿದ ರೊಕ್ಕ, ನನ್ನ ಹೌಸು." ಈ ಎರಡು ಮಾತುಗಳ ನಡುವೆಯೇ ನಮ್ಮ ಪ್ರಶ್ನೆಯೆಲ್ಲ ಅಡಗಿದೆ.

ಶರಣರ ದೃಷ್ಟಿಯಿಂದ ನೋಡಿದರೆ, ವಸ್ತುವನ್ನೇ ಪಾಪವೆಂದು ಹಳಿಯುವುದಕ್ಕೆ ಎಡೆಯಿಲ್ಲ. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಿನ ಪದಾರ್ಥದಲ್ಲಿ ಹುಡುಕದೆ, ಆ ಪದಾರ್ಥದ ಕಡೆಗೆ ಕೈಚಾಚುವ ಮನಸ್ಸಿನಲ್ಲಿ ತೋರಿಸಿಕೊಟ್ಟರು. ಬಸವಣ್ಣನವರು ಬಿಜ್ಜಳನ ಭಂಡಾರದ ನಡುವೆಯೇ ನಿಂತು ಕೆಲಸ ಮಾಡಿದರು. ಭಂಡಾರವು ಅವರನ್ನು ಅಂಟಲಿಲ್ಲ. ಆದುದರಿಂದ ಕಬ್ಬಿಣದ ಬಂಡಿಯೊಂದು ಅಂಗಳದಲ್ಲಿದ್ದ ಮಾತ್ರಕ್ಕೆ ಅದನ್ನು ದೋಷವೆನ್ನಲಾಗದು. ಆದರೆ ಗೃಹಸ್ಥನ ಉತ್ತರವು ಪೂರ್ಣವಾದುದೇ ಎಂಬುದು ಬೇರೆ ಮಾತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯು ಎಲ್ಲರಿಗೂ ತಿಳಿದುದೇ ಆಗಿದೆ. ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದರು. ಅದು ಕಳವಲ್ಲ, ವಂಚನೆಯಲ್ಲ; ಕೈಯಾರೆ ಮಾಡಿದ ಕಾಯಕ. ಆದರೂ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಲು ಹೇಳಿದರು. ಇದರ ಮರ್ಮವನ್ನು ಗಮನಿಸಬೇಕು. ಗಳಿಕೆಯು ಶುದ್ಧವಾಗಿದ್ದರೆ ಸಾಲದು, ಇರಿಸಿಕೊಳ್ಳುವಿಕೆಯೂ ಶುದ್ಧವಾಗಿರಬೇಕೆಂಬುದು ಆ ತಾಯಿಯ ನಿಲುವು. ನಮ್ಮ ಗೃಹಸ್ಥನು ಹೇಳಿದುದು ಮೊದಲನೆಯ ಅರ್ಧವನ್ನು ಮಾತ್ರ. ಅವನ ಹೆಂಡತಿ ಕೇಳಿದುದು ಎರಡನೆಯ ಅರ್ಧವನ್ನು.

ಹಾಗಾದರೆ ಕೂಡಿಡುವುದೆಲ್ಲ ತಪ್ಪೆ? ಹಾಗೆಂದರೆ ನಮ್ಮ ಹಿರಿಯರನ್ನೇ ಆಕ್ಷೇಪಿಸಿದಂತಾದೀತು. ಈ ನಾಡಿನ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ ಜೋಳವನ್ನು ತುಂಬಿಡುತ್ತಿದ್ದರು. ವರ್ಷಗಟ್ಟಲೆ ಅದು ಮುಚ್ಚಿಯೇ ಇರುತ್ತಿತ್ತು. ಬರ ಬಂದಾಗ ಹಗೇವಿನ ಬಾಯಿ ತೆರೆಯುತ್ತಿತ್ತು. ಮನೆಯವರೂ ಆಳುಮಕ್ಕಳೂ ಉಂಡು ಉಳಿಯುತ್ತಿದ್ದರು. ತೆರೆದ ಹಗೇವು ಧರ್ಮ. ಊರು ಹಸಿದಾಗಲೂ ತೆರೆಯದ ಹಗೇವು ಅಧರ್ಮ. ಕಾಳು ಒಂದೇ, ಗುಂಡಿಯೂ ಒಂದೇ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿರಿ. ಮನೆತನದವರು ಅದನ್ನು ಜೋಪಾನವಾಗಿ ಅಟ್ಟದ ಮೇಲಿಟ್ಟಿರುತ್ತಾರೆ. ಬೀಗರ ಮನೆಯಲ್ಲಿ, ನೆರೆಯವರ ಮನೆಯಲ್ಲಿ ಕೂಸು ಹುಟ್ಟಿದಾಗ ಅದು ಕೆಳಗಿಳಿಯುತ್ತದೆ. ಅದು ಹಳೆಯದಾದಷ್ಟೂ ಅದರಲ್ಲಿ ಮಲಗಿದ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಇಂಥ ಸಂಗ್ರಹವನ್ನು ಯಾವ ಶರಣನೂ ಬೇಡವೆನ್ನಲಾರನು.

ಸಂಗ್ರಹದ ಅತ್ಯುಜ್ವಲ ನಿದರ್ಶನವೂ ಧಾರವಾಡದ ಮಣ್ಣಿನಲ್ಲಿಯೇ ಹುಟ್ಟಿತು. 1880ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಕೂಡಿಹಾಕಿದರು. ಆ ಕಟ್ಟುಗಳು ಅದುವರೆಗೆ ಅನೇಕ ಮನೆಗಳ ಜಗಲಿಯ ಮೇಲೆ ಅರಿಷಿಣ ಕುಂಕುಮಗಳನ್ನು ಹೊತ್ತು ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಹಳಕಟ್ಟಿಯವರು ಅವನ್ನು ಬಿಚ್ಚಿದರು, ಓದಿದರು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುದ್ರಣಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. ಅವರೂ ಸಂಗ್ರಾಹಕರೇ. ಆದರೆ ಅವರ ಸಂಗ್ರಹವು ಬೆಳೆದಂತೆಲ್ಲ ಅವರ ಸ್ವಂತದ್ದು ಕರಗುತ್ತಾ ಹೋಯಿತು. ನಾಡಿನದು ಬೆಳೆಯುತ್ತಾ ಬಂದಿತು. ಸಂಗ್ರಹವು ದಾಸೋಹವಾಗುವ ಬಗೆ ಇದು. ಜೀಪಿಗೂ ತಾಡೋಲೆಗೂ ಸಾಟಿಯಿಲ್ಲವೆಂಬುದು ನಿಜ. ಆದರೆ ಕಟ್ಟನ್ನು ಬಿಚ್ಚುವುದೋ, ಕಟ್ಟಿಯೇ ಇಡುವುದೋ ಎಂಬ ಪರೀಕ್ಷೆಯು ಎರಡಕ್ಕೂ ಸಮಾನ.

ಈ ಪರೀಕ್ಷೆಯನ್ನು ನಮ್ಮ ಗೃಹಸ್ಥನ ಚಪ್ಪರಕ್ಕೆ ಅನ್ವಯಿಸಬಹುದು. ಮೊದಲನೆಯದಾಗಿ, ಅಲ್ಲಿ ಕೈ ದುಡಿಯುತ್ತಿದೆಯೆ? ತುಕ್ಕು ಹಿಡಿದ ಎಂಜಿನನ್ನು ತಾನೇ ಬಿಚ್ಚಿ, ಎಣ್ಣೆಯಲ್ಲಿ ಕೈ ಅದ್ದಿ, ಒಂದೊಂದು ಭಾಗದ ಕೆಲಸವನ್ನು ಅರಿತು ಜೋಡಿಸುವವನು ಕಾಯಕದ ಸುಖವನ್ನು ಬಲ್ಲನು. ಊರಿನ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಿದ್ಯೆಯನ್ನು ಕಲಿಸಿದರೆ, ಆ ಹುಡುಗನಿಗೆ ಅನ್ನದ ದಾರಿಯಾದೀತು. ರೊಕ್ಕ ಕೊಟ್ಟು ಎಲ್ಲವನ್ನೂ ಮಾಡಿಸಿ, ಬಂದವರಿಗೆ ಬೆಲೆಯನ್ನು ಮಾತ್ರ ಹೇಳುವವನಲ್ಲಿ ಈ ಸುಖವಿಲ್ಲ. ಎರಡನೆಯದಾಗಿ, ಆ ಬಂಡಿಯು ಇತರರಿಗೆ ಒದಗುತ್ತಿದೆಯೆ? ಬೆಣ್ಣಿಹಳ್ಳವು ಉಕ್ಕಿ ದಾರಿ ಕಡಿದಾಗ, ಕೆಸರಿನ ಹಾದಿಯಲ್ಲಿ ಬಸುರಿ ಹೆಣ್ಣುಮಗಳನ್ನು ದವಾಖಾನೆಗೆ ಮುಟ್ಟಿಸಬೇಕಾದಾಗ, ಚಪ್ಪರದ ಕೀಲಿಯು ತೆರೆಯುತ್ತದೆಯೋ? ಬಣ್ಣ ಕೆಟ್ಟೀತೆಂದು ಹಿಂಜರಿಯುವವನು ಬಂಡಿಯ ಒಡೆಯನಾಗಿ ಉಳಿದಿಲ್ಲ, ಅದರ ಕಾವಲುಗಾರನಾಗಿದ್ದಾನೆ. ನಡೆಯಲೆಂದು ಹುಟ್ಟಿದುದನ್ನು ನಿಲ್ಲಿಸಿ ಪೂಜಿಸುವುದು, ಶರಣರು ತಿದ್ದಿದ ಹಳೆಯ ತಪ್ಪಿನ ಇನ್ನೊಂದು ರೂಪವೇ ಸರಿ.

ಈ ವಿಚಾರಕ್ಕೆ ಇನ್ನೊಂದು ಮುಖವುಂಟು. ಅದು ಹೆಚ್ಚು ಗಂಭೀರವಾದುದು. ಇವು ಬರಿಯ ಬಂಡಿಗಳಲ್ಲ, ಯುದ್ಧದ ಬಂಡಿಗಳು. 1965ರ ಸೆಪ್ಟೆಂಬರದಲ್ಲಿ ಖೇಮಕರಣದ ಕಬ್ಬಿನ ಹೊಲಗಳ ನಡುವೆ ಹವಾಲ್ದಾರ ಅಬ್ದುಲ್ ಹಮೀದರು ಜೀಪಿನ ಮೇಲೆ ಜೋಡಿಸಿದ ತೋಪಿನಿಂದ ಶತ್ರುವಿನ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಪ್ರಾಣವಿತ್ತರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರವು ಸಂದಿತು. ಆ ಜೀಪಿನಲ್ಲಿ ಕುಳಿತವನಿಗೆ ಕವಚವಿರಲಿಲ್ಲ, ಮೇಲೆ ಚಾವಣಿಯಿರಲಿಲ್ಲ. ಇಂಥ ಬಂಡಿಯ ಮೇಲೆ ಕುಳಿತು ಭಾವಚಿತ್ರ ತೆಗೆಸಿಕೊಳ್ಳುವವನು, ಅದರ ಮೇಲೆ ಕುಳಿತು ಹೋದವರು ಮರಳಿ ಬರುವರೆಂಬ ಭರವಸೆಯಿಲ್ಲದೆ ಹೋದರೆಂಬುದನ್ನು ಮರೆಯಬಾರದು.

ದೂರದ ನಿದರ್ಶನವೇಕೆ? ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಬಹುದು. 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಮೇಲೆ, 19,000 ಅಡಿಗೂ ಮಿಗಿಲಾದ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹಿಮಕುಸಿತಕ್ಕೆ ಸಿಲುಕಿದರು. ಆರನೆಯ ದಿನ ಆಳವಾದ ಹಿಮದಡಿಯಿಂದ ಹನುಮಂತಪ್ಪನವರೊಬ್ಬರೇ ಉಸಿರಿರುವಂತೆ ದೊರೆತರು. ನಾಡೆಲ್ಲ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಎರೆಹೊಲದ ಬಿಸಿಲಿನಲ್ಲಿ ಬೆಳೆದ ಜೀವವು ಹಿಮದಲ್ಲಿ ಕಾವಲು ನಿಂತು ಮುಗಿಯಿತು. ಈ ಸ್ಮರಣೆಯನ್ನು ಯಾವ ಲಿಲಾವಿನಲ್ಲಿ ಕೊಳ್ಳಲಾದೀತು? ಬೆಟದೂರಿನ ದಾರಿಯಲ್ಲಿ ಹಾದುಹೋಗುವ ಮಗುವಿಗೆ ಈ ಕಥೆಯನ್ನು ಹೇಳಿದವನು, ಒಂದು ಶಿರಸ್ತ್ರಾಣವನ್ನೂ ಕೊಳ್ಳದೆ, ಸೈನಿಕರ ಸ್ಮರಣೆಯನ್ನು ಉಳಿಸಿದಂತಾಯಿತು.

ಇದರಿಂದ ಪದಕಗಳ ವಿಷಯದಲ್ಲಿ ಒಂದು ವಿವೇಕ ಹುಟ್ಟುತ್ತದೆ. ಬಡತನದಿಂದ ಒಬ್ಬ ಮುದುಕಿಯು ತನ್ನ ಗಂಡನ ಪದಕವನ್ನು ಮಾರಲು ಬಂದಳೆನ್ನೋಣ. ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಿ ಕೊಳ್ಳುವವನು ಲೋಹವನ್ನು ಗಳಿಸಿ, ಅದರ ಅರ್ಥವನ್ನು ಕಳೆಯುತ್ತಾನೆ. ಅವಳ ಅವಶ್ಯಕತೆಯನ್ನು ಕೈಲಾದಷ್ಟು ಪೂರೈಸಿ, ಪದಕವನ್ನು ಅವಳ ಮೊಮ್ಮಕ್ಕಳ ಮನೆಯಲ್ಲಿಯೇ ಉಳಿಸುವವನು ನಿಜವಾದ ಸಂಗ್ರಾಹಕ. ಕೈಗೆ ಬಂದುದನ್ನು ಬಿಡಬಲ್ಲವನ ಸಂಗ್ರಹಕ್ಕೆ ಮಾತ್ರ ಭಯವಿಲ್ಲ.

ಸತ್ಯದ ಮಾತೂ ಇಲ್ಲಿದೆ. ರಕ್ಷಣಾ ಇಲಾಖೆಗೆ ಸೇರದ ಯಾವ ವಾಹನಕ್ಕೂ ಸೇನೆಯ ಆಲಿವ್ ಹಸಿರು ಬಣ್ಣವನ್ನು ಬಳಿಯಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. 50 ವರ್ಷಕ್ಕೂ ಹಳೆಯ ವಾಹನಗಳ ನೋಂದಣಿಗೆಂದು 2021ರಲ್ಲಿ ಬೇರೆಯೇ ನಿಯಮಗಳು ಬಂದಿವೆ. ಅಂಥ ವಾಹನವನ್ನು ಬಾಡಿಗೆ ವ್ಯಾಪಾರಗಳಿಗೆ ಬಳಸುವಂತಿಲ್ಲ. ಕೆಲವರಿಗೆ ಈ ನಿಯಮಗಳು ಕಿರಿಕಿರಿಯೆನಿಸುತ್ತವೆ. ಆದರೆ ಬಣ್ಣದ ನಿಯಮದ ಹಿಂದೆ ಒಂದು ನೀತಿಯುಂಟು. ಆ ಹಸಿರು ಕರ್ತವ್ಯದ ಗುರುತು. ಕರ್ತವ್ಯವನ್ನು ಹೊರದೆ ಗುರುತನ್ನು ಹೊರುವುದು, ಆಚಾರವಿಲ್ಲದೆ ಲಾಂಛನವನ್ನು ಧರಿಸಿದಂತೆ. ವೇಷವು ನಡತೆಯನ್ನು ಮೀರಬಾರದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರಷ್ಟೆ. ಬೇರೆ ಬಣ್ಣದ ಜೀಪು ಓಡುವುದರಲ್ಲಿ ಏನೂ ಕಡಿಮೆಯಾಗದು. ಕಡಿಮೆಯಾಗುವುದು ನೋಡುವವರ ಬೆರಗು ಮಾತ್ರ. ಆ ಬೆರಗಿಗಾಗಿ ಮನಸ್ಸು ಹಂಬಲಿಸಿದರೆ, ಹವ್ಯಾಸವು ಯಾವ ಬೇರಿನಿಂದ ನೀರು ಕುಡಿಯುತ್ತಿದೆಯೆಂಬುದು ತಾನೇ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಣೆ ಉಳಿಯುತ್ತದೆ. ಹವ್ಯಾಸಿಗಳು ಕೂಡಿಡದಿದ್ದರೆ ಈ ಹಳೆಯ ಯಂತ್ರಗಳೆಲ್ಲ ಕುಲುಮೆಯ ಪಾಲಾಗುತ್ತಿದ್ದವಲ್ಲವೆ? ನಿಜ, ಹಾಗೆ ಅನೇಕವು ಹೋಗಿವೆ. ಉಳಿಸಿದವರಿಗೆ ನಾಡು ಋಣಿಯಾಗಿರಬೇಕು. ಹಿಂದಿನವರು ಹೇಗೆ ಮಾಡಿದರು, ಹೇಗೆ ಬಾಳಿದರು ಎಂಬುದನ್ನು ಪುಸ್ತಕದಷ್ಟೇ ಸ್ಪಷ್ಟವಾಗಿ ಹಳೆಯ ವಸ್ತುವೂ ಹೇಳಬಲ್ಲುದು. ಆದರೆ ಉಳಿಸಿದವನೆಂಬ ಹೆಮ್ಮೆಯು ಒಂದನ್ನು ಉಳಿಸಿದಾಗ ಒಂದು ತೂಕವಿದ್ದರೆ, ಹತ್ತನ್ನು ಉಳಿಸಿದಾಗ ಹತ್ತು ತೂಕವಾಗುತ್ತದೆ. ಆ ತೂಕವನ್ನು ಇಳಿಸಿಕೊಳ್ಳದೆ ಹೊತ್ತು ನಡೆಯುವವನು ಬೇಗ ದಣಿಯುತ್ತಾನೆ.

ಆದುದರಿಂದ ಆ ಗೃಹಸ್ಥನಿಗೆ "ಎಲ್ಲವನ್ನೂ ಮಾರಿಬಿಡು" ಎಂದು ಹೇಳಬೇಕಾಗಿಲ್ಲ. "ನಿನ್ನದು ನಿನ್ನ ಇಷ್ಟ" ಎಂದು ಕೈಬಿಡಲೂ ಬಾರದು. ಹೆಂಡತಿ ಕೇಳಿದ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲವೆಂಬುದನ್ನು ನೆನಪಿಸಿದರೆ ಸಾಕು. ಕೊಟ್ಟಿಗೆಯನ್ನು ಕಿತ್ತಾಗ ಎತ್ತುಗಳು ಎಲ್ಲಿ ಹೋದವು? ಚಪ್ಪರಕ್ಕೆ ಹಾಕಿದ ರೊಕ್ಕದಲ್ಲಿ ಮಗಳ ಓದಿನ ಪಾಲು ಎಷ್ಟಿತ್ತು? ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಕುಳಿತಾಗ ಈ ಪ್ರಶ್ನೆಗಳನ್ನು ಅವನು ತನ್ನನ್ನೇ ಕೇಳಿಕೊಳ್ಳಲಿ. ಅಂಗೈಯ ಅಗಲ ಎಷ್ಟೆಂಬುದು ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುತ್ತದೆ. ಅದರಲ್ಲಿ ಹಿಡಿಸುವುದು ಸ್ವಲ್ಪ. ಉಳಿದುದು ಎಷ್ಟೇ ಪ್ರಿಯವಾಗಿರಲಿ, ಕೆಲವು ದಿನ ನಮ್ಮ ಅಂಗಳದಲ್ಲಿ ತಂಗಿ ಮುಂದೆ ಸಾಗುವಂಥದು. ತಂಗಿದಷ್ಟು ದಿನ ಅದು ಯಾರಿಗೆ ಒದಗಿತು ಎಂಬುದೊಂದೇ ಕೊನೆಗೆ ಲೆಕ್ಕಕ್ಕೆ ಬರುವ ಮಾತು.