ತಪ್ಪಿದ ದೊಣ್ಣೆ, ಬೀಸುವ ದೊಣ್ಣೆ

‘ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.’ ಸಾಲ ಕೊಟ್ಟವನು ನಮ್ಮನ್ನು ನೋಡದೆ ಬೀದಿಯ ತಿರುವು ದಾಟಿದಾಗಲೋ, ಬಸ್ಸು ಮೈ ಸವರಿಕೊಂಡು ಹೋದಾಗಲೋ ನಮ್ಮ ಬಾಯಿಂದ ಹೊರಬೀಳುವ ಗಾದೆ. ಪುಕ್ಕಲರ ಗಾದೆ ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಅದು ‘ತಪ್ಪಿದರೆ’ ಎನ್ನುತ್ತದೆಯೇ ಹೊರತು ‘ತಪ್ಪಿಸಿಕೊಂಡರೆ’ ಎನ್ನುವುದಿಲ್ಲ. ಗುರಿ ತಪ್ಪಿದ್ದು ದೊಣ್ಣೆ. ಬದುಕಿದವನ ಜಾಣತನಕ್ಕೆ ಅಲ್ಲಿ ಕಾಸಿನ ಬೆಲೆಯೂ ಇಲ್ಲ.

ಮೊದಲ ಮಹಾಯುದ್ಧದ ಪೈಲಟ್ ಇಂದ್ರಲಾಲ್ ರಾಯ್ ಮೇಲೆ ಬೀಸಿ ಬಂದ ಮೊದಲ ದೊಣ್ಣೆ ಹಾಗೆ ತಾನಾಗಿಯೇ ತಪ್ಪಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಹುಡುಗ. ದೃಷ್ಟಿ ಸಾಲದೆಂದು ಬ್ರಿಟಿಷ್ ವಾಯುದಳ ಅವನನ್ನು ವಾಪಸು ಕಳಿಸಿತ್ತು. ತನ್ನ ಮೋಟಾರ್ ಸೈಕಲ್ ಮಾರಿ, ಆ ದುಡ್ಡಿನಲ್ಲಿ ಹೆಸರಾಂತ ಕಣ್ಣಿನ ವೈದ್ಯರಿಗೆ ತೋರಿಸಿಕೊಂಡು ಮತ್ತೆ ಹೋಗಿ ಸೇರಿದ. (ಆ ವಯಸ್ಸಿನ ಹುಡುಗ ಬೈಕ್ ಮಾರುವುದೆಂದರೆ ಏನೆಂದು ಮನೆಯಲ್ಲಿ ಗಂಡುಮಕ್ಕಳಿರುವವರನ್ನು ಕೇಳಿ.) 1917ರ ಡಿಸೆಂಬರ್ 6ರಂದು ಅವನ ಎಸ್.ಇ.5ಎ ವಿಮಾನ ಫ್ರಾನ್ಸಿನ ನೆಲಕ್ಕಪ್ಪಳಿಸಿತು. ಸತ್ತನೆಂದು ಹೆಣಗಳ ನಡುವೆ ಮಲಗಿಸಿ ಬೀಗ ಹಾಕಿದರಂತೆ. ಎಚ್ಚರವಾದವನು ಬಾಗಿಲು ಬಡಿದ. ಹೆಣದ ಕೋಣೆಯೊಳಗಿಂದ ಬಂದ ಆ ಸದ್ದಿಗೆ ಹೊರಗಿದ್ದವನ ಜೀವವೇ ಹಾರಿಹೋಯಿತಂತೆ.

ಹೀಗೆ ಸಿಕ್ಕ ಸಾವಿರ ವರ್ಷವನ್ನು ಏನು ಮಾಡಬೇಕು? ಗಾದೆ ಆ ಗೋಜಿಗೆ ಹೋಗುವುದಿಲ್ಲ. ಇನ್ನು ಹಾರಕೂಡದು ಎಂದರು ವೈದ್ಯರು. ಚೇತರಿಸಿಕೊಳ್ಳುತ್ತ ವಿಮಾನಗಳ ಚಿತ್ರ ಬರೆಯುತ್ತ ಕೂತಿದ್ದವನು ಮೇಲಿನವರನ್ನು ಕಾಡಿ ಬೇಡಿ, 1918ರ ಜೂನಿನಲ್ಲಿ 40ನೇ ಸ್ಕ್ವಾಡ್ರನ್ ಸೇರಿಕೊಂಡ. ಅಲ್ಲಿ ದೊಣ್ಣೆ ತಪ್ಪಿಸಿಕೊಳ್ಳುವುದೇ ಕಸುಬು. ಬೆನ್ನು ಹತ್ತಿದವನಿಂದ ಹೊರಳಿ ಜಾರಿ, ಅವನ ಬೆನ್ನಿಗೇ ಬೀಳಬೇಕು; ಮೇಲಿನ ರೆಕ್ಕೆಯ ಲೂಯಿಸ್ ಗನ್ ಖಾಲಿಯಾದರೆ ಹಾರುತ್ತಲೇ ಗುಂಡಿನ ಡ್ರಮ್ ಬದಲಿಸಬೇಕು. ವಿಮಾನಕ್ಕೆ ಬೆಂಕಿ ಹತ್ತಿದರೆ ಧುಮುಕಲು ಆಗಿನ ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಟ್ಟಿರಲಿಲ್ಲ. ಜುಲೈ 6ರಿಂದ 19ರೊಳಗೆ ಅವನ ಲೆಕ್ಕಕ್ಕೆ ಹತ್ತು ಗೆಲುವು, 8ರಂದು ಒಂದೇ ದಿನ ಮೂರು. ಮೊದಲ ದೊಣ್ಣೆ ತಾನಾಗಿ ತಪ್ಪಿತ್ತು. ಇವುಗಳನ್ನು ಅವನು ತಪ್ಪಿಸಿಕೊಂಡ.

ಗಾದೆಯ ಮೊದಲ ಪದ ನಾವು ಕಿವಿಗೆ ಹಾಕಿಕೊಳ್ಳದ ಪದ. ‘ಬೀಸಿದ’ ಅಲ್ಲ, ‘ಬೀಸುವ’. ಕೈ ಇನ್ನೂ ಇಳಿದಿಲ್ಲ. ಜುಲೈ 22ರಂದು ಕಾರ್ವಾ ಊರಿನ ಮೇಲೆ ಜರ್ಮನ್ ಫೋಕರ್ ವಿಮಾನಗಳ ಜೊತೆ ಕಾದಾಡುತ್ತ, ಉರಿಯುವ ವಿಮಾನದೊಂದಿಗೆ ಅವನು ಬಿದ್ದ. ವಯಸ್ಸು ಹತ್ತೊಂಬತ್ತು. ಅವನ ತುಕಡಿಯ ನಾಯಕ ಮೆಕೆಲ್ರಾಯ್ ಒಂಬತ್ತು ದಿನಗಳ ನಂತರ ಬಿದ್ದ. ರಾಯ್‌ಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಣೆಯಾಗುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು.

ಗೋರಿ ಇರುವುದು ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ. ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ.