ನಾಳೆಯ ಕೀಲಿಕೈ ಯಾರ ಬಳಿ ಇದೆ?

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ.



ಮನುಷ್ಯನನ್ನು ಅತಿಹೆಚ್ಚು ಕಾಡುವ ಭಯಗಳು ಎರಡು. ಹೊರಟ ದಾರಿ ಸುಖವಾಗಿ ಮುಗಿದೀತೇ? ಬಂದ ಕಾಯಿಲೆ ವಾಸಿಯಾದೀತೇ? ಶ್ರೀಮಂತನಿಗೂ ಬಡವನಿಗೂ ಈ ಎರಡು ಪ್ರಶ್ನೆಗಳಿವೆ. ಪ್ರಶ್ನೆ ಹುಟ್ಟುವುದು ತಪ್ಪಲ್ಲ. ಆದರೆ ಅದನ್ನು ಹೊತ್ತುಕೊಂಡು ನಾವು ಯಾರ ಬಾಗಿಲಿಗೆ ಹೋಗುತ್ತೇವೆ ಎಂಬುದರ ಮೇಲೆ ನಮ್ಮ ಈಮಾನ್ ನಿಂತಿದೆ.

ನಮ್ಮ ಮೈಸೂರಿನಲ್ಲಿ ಅಂತಹ ಬಾಗಿಲುಗಳಿಗೆ ಕೊರತೆಯಿಲ್ಲ. ಪಂಚಾಂಗಕ್ಕೆ ಹೆಸರಾದ ಊರು ಇದು. ಜಾತಕವಿಲ್ಲದಿದ್ದರೂ ಚಿಂತೆಯಿಲ್ಲ, ಪ್ರಶ್ನೆ ಹಾಕಿಸಿದರೆ ಸಾಕು ಎನ್ನುವ ಜೋಯಿಸರಿದ್ದಾರೆ. ಮುಸ್ಲಿಮರ ಮೊಹಲ್ಲಾಗಳಲ್ಲಿ ಇದೇ ಸರಕು ಬೇರೆ ಅಂಗಿ ತೊಟ್ಟು ಬರುತ್ತದೆ. ರೋಗಿಯ ಹೆಸರು, ತಾಯಿಯ ಹೆಸರು ಕೇಳಿ, ಅಕ್ಷರಗಳಿಗೆ ಸಂಖ್ಯೆ ಕಟ್ಟಿ, ಕೂಡಿಸಿ ಭಾಗಿಸಿ, "ಇದು ಹೊರಗಿನ ಸೋಂಕು", "ಇದು ದೃಷ್ಟಿ" ಎಂದು ಫಾಲ್ ತೆಗೆಯುವವರಿದ್ದಾರೆ. ಒಬ್ಬನ ಗೋಡೆಯ ಮೇಲೆ ರಾಶಿಚಕ್ರ, ಇನ್ನೊಬ್ಬನ ಗೋಡೆಯ ಮೇಲೆ ಕಅಬಾದ ಚಿತ್ರ. ಒಳಗೆ ನಡೆಯುವ ವ್ಯಾಪಾರ ಒಂದೇ.

ನನಗೆ ತಿಳಿದ ಒಂದು ಮನೆಯ ಕಥೆ ಹೇಳುತ್ತೇನೆ. ಹೆಂಡತಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಗಂಡನಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿ ವೀಸಾ ಬಂದಿತ್ತು. ಅದೇ ಹೊತ್ತಿಗೆ ಆಕೆಗೆ ಕೆಮ್ಮು ಹತ್ತಿತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಮನೆಯ ಹಿರಿಯರು ಮೊದಲು ಒಬ್ಬ ಜೋಯಿಸರಲ್ಲಿ ಪ್ರಶ್ನೆ ಹಾಕಿಸಿದರು. "ಸ್ಥಿರ ಲಗ್ನ ಬಂದಿದೆ, ಪ್ರಯಾಣ ಈಗ ಬೇಡ, ನಲವತ್ತು ದಿನ ಕಳೆಯಲಿ" ಎಂಬ ಉತ್ತರ ಬಂತು. ಬಳಿಕ ಫಾಲ್ ತೆಗೆಯುವವನ ಬಳಿ ಹೋದರು. "ಇದು ಕಾಯಿಲೆಯಲ್ಲ, ಯಾರೋ ಮಾಡಿಸಿದ್ದು" ಎಂದ ಆತ ದಾರ ಕಟ್ಟಿದ. ಖರ್ಚಿಗೆ ಆಕೆಯ ಕೈಬಳೆ ಹೋಯಿತು. ನಲವತ್ತು ದಿನ ಮುಗಿಯುವಷ್ಟರಲ್ಲಿ ವೀಸಾದ ಅವಧಿ ಮುಗಿದಿತ್ತು, ಕೆಮ್ಮಿನಲ್ಲಿ ರಕ್ತ ಕಾಣಿಸಿತ್ತು. ಕೊನೆಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷಿಸಿದಾಗ ಕ್ಷಯ ಎಂದು ತಿಳಿಯಿತು. ಮಗ್ಗುಲಲ್ಲಿ ಮಲಗುತ್ತಿದ್ದ ನಾಲ್ಕು ವರ್ಷದ ಮಗಳಿಗೂ ಅದು ಅಂಟಿತ್ತು. ಅಲ್‌ಹಮ್ದುಲಿಲ್ಲಾಹ್, ಆರು ತಿಂಗಳು ಮಾತ್ರೆ ನುಂಗಿ ಇಬ್ಬರೂ ಗುಣಮುಖರಾದರು. ಆ ತಾಯಿ ಒಮ್ಮೆ ಅತ್ತುಕೊಂಡು ಹೇಳಿದ ಮಾತು ಇಷ್ಟೇ: "ಬಳೆ ಹೋದದ್ದಕ್ಕೆ ದುಃಖವಿಲ್ಲ. ಆ ನಲವತ್ತು ದಿನ ನಾನು ಮಗುವನ್ನು ಎದೆಗೆ ಅಪ್ಪಿಕೊಂಡೇ ಮಲಗಿದ್ದೆ."

ಸಹೋದರರೇ, ಇದನ್ನು ಸಣ್ಣ ವಿಷಯವೆಂದು ಕಡೆಗಣಿಸಬಹುದೇ?

ಈ ಪ್ರಶ್ನಶಾಸ್ತ್ರ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಹುಟ್ಟಿದ ಗಳಿಗೆಯ ಬದಲು, ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಪೂರ್ವದಿಕ್ಕಿನಲ್ಲಿ ಯಾವ ರಾಶಿ ಉದಯಿಸುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಅದೇ ಲಗ್ನ. ಅಲ್ಲಿಂದ ಹನ್ನೆರಡು ಮನೆಗಳು. ಆರನೆಯದು ರೋಗಕ್ಕೆ, ಎಂಟನೆಯದು ಮರಣಕ್ಕೆ. ಚರ ರಾಶಿ ಬಂದರೆ ಪ್ರಯಾಣ ಉಂಟು, ಸ್ಥಿರ ರಾಶಿ ಬಂದರೆ ಇಲ್ಲ. ಕರಾವಳಿಯಲ್ಲೂ ಕೇರಳದಲ್ಲೂ ಕವಡೆ ಇಟ್ಟು, ವೀಳ್ಯದೆಲೆ ಎಣಿಸಿ ಇದನ್ನೇ ವಿಸ್ತಾರವಾಗಿ ಮಾಡುತ್ತಾರೆ.

ಈಗ ಯೋಚಿಸಿ. ಹನ್ನೆರಡು ರಾಶಿಗಳು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದು ಸುತ್ತು ಬರಬೇಕಾದರೆ ಒಂದೊಂದು ರಾಶಿಯ ಉದಯಕ್ಕೆ ಸುಮಾರು ಎರಡು ಗಂಟೆ. ಆ ಎರಡು ಗಂಟೆಗಳಲ್ಲಿ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ಎಷ್ಟು ಬಸ್ಸುಗಳು ಹೊರಡುತ್ತವೆ! ಒಂದೇ ಬಸ್ಸಿನಲ್ಲಿ ಮದುವೆಗೆ ಹೊರಟವನೂ ಕೂತಿದ್ದಾನೆ, ಸಾವಿನ ಮನೆಗೆ ಹೊರಟವನೂ ಕೂತಿದ್ದಾನೆ. ಆಸ್ಪತ್ರೆಯ ಒಂದೇ ವಾರ್ಡಿಗೆ ಒಂದೇ ಗಳಿಗೆಯಲ್ಲಿ ಸೇರಿದ ಇಬ್ಬರಲ್ಲಿ ಒಬ್ಬ ನಡೆದು ಮನೆಗೆ ಹೋಗುತ್ತಾನೆ, ಇನ್ನೊಬ್ಬನನ್ನು ಹೊತ್ತೊಯ್ಯುತ್ತಾರೆ. ಅವರಿಬ್ಬರ ತಲೆಯ ಮೇಲಿದ್ದ ಆಕಾಶ ಒಂದೇ ಅಲ್ಲವೇ?

ಕೆಲವರು ಹೇಳುತ್ತಾರೆ: "ಆತ ಹೇಳಿದ್ದು ನಿಜವಾಯಿತಲ್ಲ!" ಪ್ರಯಾಣ ಸಾಗುತ್ತದೆ ಅಥವಾ ಇಲ್ಲ, ರೋಗ ವಾಸಿಯಾಗುತ್ತದೆ ಅಥವಾ ಇಲ್ಲ. ಎರಡೇ ಉತ್ತರಗಳಿರುವ ಪ್ರಶ್ನೆಗೆ ಕಣ್ಣುಮುಚ್ಚಿ ಹೇಳಿದರೂ ಅನೇಕ ಸಲ ಸರಿಯಾಗುತ್ತದೆ. ಸರಿಯಾದದ್ದನ್ನು ನಾವು ಊರಿಗೆಲ್ಲ ಹೇಳುತ್ತೇವೆ, ತಪ್ಪಿದ್ದನ್ನು ನಾಚಿಕೆಯಿಂದ ನುಂಗಿಕೊಳ್ಳುತ್ತೇವೆ. ಕಣಿ ಹೇಳುವವರ ಒಂದು ಸತ್ಯದ ಜೊತೆ ನೂರು ಸುಳ್ಳುಗಳು ಬೆರೆತಿರುತ್ತವೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಬುಖಾರಿ ಗ್ರಂಥದಲ್ಲಿದೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಯಾವ ಸಂಶಯಕ್ಕೂ ಎಡೆಗೊಟ್ಟಿಲ್ಲ. ಅಗೋಚರದ ಕೀಲಿಕೈಗಳು ಅಲ್ಲಾಹನ ಬಳಿ ಮಾತ್ರ ಇವೆ (ಅಲ್ ಅನ್‌ಆಮ್: 59). ನಾಳೆ ತಾನೇನು ಸಂಪಾದಿಸುವೆನೆಂದು ಯಾವ ಜೀವಿಗೂ ಗೊತ್ತಿಲ್ಲ, ಯಾವ ಮಣ್ಣಿನಲ್ಲಿ ಸಾಯುವೆನೆಂದೂ ಗೊತ್ತಿಲ್ಲ (ಲುಕ್ಮಾನ್: 34). ಗಮನಿಸಿ, ಪ್ರಯಾಣ ಮತ್ತು ಆಯುಸ್ಸು, ಎರಡೂ ಪ್ರಶ್ನೆಗಳು ಈ ಒಂದೇ ಸೂಕ್ತದಲ್ಲಿ ಬಂದಿವೆ. ಇನ್ನೂ ಮುಂದೆ ಹೋಗಿ, ಸ್ವತಃ ಪ್ರವಾದಿವರ್ಯರೇ(ಸ) ತಮಗೆ ಅಗೋಚರದ ಜ್ಞಾನವಿದ್ದಿದ್ದರೆ ಬಹಳಷ್ಟು ಒಳಿತನ್ನು ಕೂಡಿಹಾಕಿಕೊಳ್ಳುತ್ತಿದ್ದೆನೆಂದೂ ಯಾವ ಕೆಡುಕೂ ತಮ್ಮನ್ನು ತಟ್ಟುತ್ತಿರಲಿಲ್ಲವೆಂದೂ ಸಾರುವಂತೆ ಆಜ್ಞೆಯಾಯಿತು (ಅಲ್ ಅಅ್‌ರಾಫ್: 188). ಅಲ್ಲಾಹನ ದೂತರಿಗೇ(ಸ) ಇಲ್ಲದ ಕೀಲಿಕೈ, ದಕ್ಷಿಣೆ ಪಡೆಯುವವನ ಪೆಟ್ಟಿಗೆಯಲ್ಲಿ ಇರಲು ಸಾಧ್ಯವೇ?

ಇಸ್ಲಾಮಿಗೆ ಮುಂಚಿನ ಅರಬರೂ ಪ್ರಯಾಣಕ್ಕೆ ಹೊರಡುವ ಮುನ್ನ ಬಾಣಗಳನ್ನು ಎತ್ತಿ ಶಕುನ ಕೇಳುತ್ತಿದ್ದರು. ಕುರ್‌ಆನ್ ಅದನ್ನು ಮದ್ಯ, ಜೂಜುಗಳ ಸಾಲಿನಲ್ಲಿರಿಸಿ ಸೈತಾನನ ಹೊಲಸು ಕೃತ್ಯವೆಂದಿತು (ಅಲ್ ಮಾಇದ: 90). ಭವಿಷ್ಯ ಹೇಳುವವನ ಬಳಿ ಹೋಗಿ ಪ್ರಶ್ನಿಸಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕೃತವಾಗದೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಹೇಳುತ್ತದೆ. ಹಾಗೆಂದು ನಮಾಝ್ ಬಿಡುವಂತಿಲ್ಲ, ಕರ್ತವ್ಯ ತಪ್ಪದು. ಪ್ರತಿಫಲವಷ್ಟೇ ಕೈತಪ್ಪುತ್ತದೆ. ಆ ಮನೆಯವರು ವೀಸಾಕ್ಕಾಗಿ ನಲವತ್ತು ದಿನ ಕಾದರು. ನಲವತ್ತು ರಾತ್ರಿಗಳ ನಮಾಝಿನ ಲೆಕ್ಕವನ್ನು ಯಾರೂ ಇಡಲಿಲ್ಲ.

ಹಾಗಾದರೆ ನಕ್ಷತ್ರಗಳನ್ನು ನೋಡುವುದೇ ತಪ್ಪೇ? ಖಂಡಿತ ಅಲ್ಲ. ನೆಲ ಮತ್ತು ಕಡಲಿನ ಕತ್ತಲೆಯಲ್ಲಿ ದಾರಿ ಕಾಣಲೆಂದೇ ಅಲ್ಲಾಹನು ಅವುಗಳನ್ನು ಉಂಟುಮಾಡಿದನು (ಅಲ್ ಅನ್‌ಆಮ್: 97). ಕಿಬ್ಲಾದ ದಿಕ್ಕು, ನಮಾಝಿನ ಸಮಯಗಳಿಗಾಗಿ ಮುಸ್ಲಿಮ್ ವಿದ್ವಾಂಸರು ಖಗೋಳ ಗಣಿತವನ್ನು ಎತ್ತರಕ್ಕೆ ಒಯ್ದರು. 14ನೇ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ನಮಾಝಿನ ಸಮಯ ನಿರ್ಣಯಿಸುತ್ತಿದ್ದ ಇಬ್ನು ಶಾತಿರ್ ದೊಡ್ಡ ಖಗೋಳಜ್ಞರಾಗಿದ್ದರು. ನಕ್ಷತ್ರ ದಾರಿ ತೋರಿಸುತ್ತದೆ, ಹಣೆಬರಹ ಬರೆಯುವುದಿಲ್ಲ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಎರಡನ್ನೂ ಜೋಡಿಸಿ ಮಾತನಾಡಿದರು. ಮಗನನ್ನು ಮಣ್ಣು ಮಾಡಿದ ಆ ದುಃಖದಲ್ಲೂ ಪ್ರವಾದಿವರ್ಯರು(ಸ), ಯಾರ ಹುಟ್ಟು ಸಾವಿಗಾಗಿಯೂ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದರು.

ಪ್ರಯಾಣ ಮತ್ತು ರೋಗ ಒಟ್ಟಿಗೆ ಎದುರಾದಾಗ ಸತ್ಯವಿಶ್ವಾಸಿ ಏನು ಮಾಡಬೇಕು? ಹ. ಉಮರ್‌ರ(ರ) ಜೀವನದಲ್ಲಿ ಇದಕ್ಕೆ ಉತ್ತರವಿದೆ. ಅವರು ಸಿರಿಯಾಕ್ಕೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿದೆಯೆಂಬ ಸುದ್ದಿ ಬಂತು. ಅವರು ಯಾವ ಗ್ರಹವನ್ನೂ ಕೇಳಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು. ಎರಡೂ ಕಡೆ ಅಭಿಪ್ರಾಯಭೇದವಿತ್ತು. ಬಳಿಕ ಕುರೈಶರ ಹಿರಿಯರನ್ನು ಕೇಳಿದರು. ಅವರೆಲ್ಲ ಮರಳುವುದೇ ಸರಿಯೆಂದರು. ಉಮರ್(ರ) ಮರಳಲು ನಿರ್ಧರಿಸಿದಾಗ ಅಬೂ ಉಬೈದರು(ರ), ಇದು ಅಲ್ಲಾಹನ ವಿಧಿಯಿಂದ ಓಡಿಹೋದಂತಲ್ಲವೇ ಎಂದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂದರು ಉಮರ್(ರ). ಹಸಿರು ದಂಡೆಯಲ್ಲಿ ಒಂಟೆ ಮೇಯಿಸಿದರೂ ಬರಡು ದಂಡೆಯಲ್ಲಿ ಮೇಯಿಸಿದರೂ ಎರಡೂ ವಿಧಿಯೇ ಎಂದು ಉದಾಹರಣೆ ಕೊಟ್ಟರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ಊರಿಗೆ ಹೋಗಬೇಡಿ, ಇದ್ದ ಊರಿಂದ ಓಡಬೇಡಿ ಎಂಬ ಪ್ರವಾದಿವಚನವನ್ನು ತಿಳಿಸಿದರು. ಸುದ್ದಿ ತಿಳಿಯುವುದು, ಬಲ್ಲವರೊಡನೆ ಸಮಾಲೋಚಿಸುವುದು, ಪ್ರವಾದಿಚರ್ಯೆಗೆ ಹೊಂದಿಸುವುದು, ನಂತರ ಅಲ್ಲಾಹನ ಮೇಲೆ ಭರವಸೆಯಿಟ್ಟು ಹೆಜ್ಜೆ ಎತ್ತುವುದು. ತವಕ್ಕುಲ್ ಎಂದರೆ ಇದೇ.

ನಮ್ಮ ನೆರೆಯ ಶ್ರೀರಂಗಪಟ್ಟಣವೂ ಒಂದು ಪಾಠ ಹೇಳುತ್ತದೆ. 1799ರ ಮೇ 4ರಂದು ಜೋಯಿಸರು ದಿನ ಅಶುಭವೆಂದು ಟಿಪ್ಪು ಸುಲ್ತಾನರನ್ನು ಎಚ್ಚರಿಸಿದರೆಂದೂ, ಅದರ ಪರಿಹಾರಕ್ಕಾಗಿ ದಾನಗಳನ್ನು ಕೊಡಲಾಯಿತೆಂದೂ ಬ್ರಿಟಿಷ್ ಲೇಖಕರು ಬರೆದಿದ್ದಾರೆ. ಬರೆದವರು ಎದುರು ಪಕ್ಷದವರೆಂಬುದು ನೆನಪಿರಲಿ. ಆದರೆ ಕೋಟೆ ಬಿದ್ದದ್ದು ಗ್ರಹಗತಿಯಿಂದಲ್ಲ, ಫಿರಂಗಿಗಳು ಗೋಡೆಯಲ್ಲಿ ಕೊರೆದ ಬಿರುಕಿನಿಂದ. ಇಂದು ನಾವು ಸುಲ್ತಾನರನ್ನು ಗೌರವದಿಂದ ನೆನೆಯುವುದು ಆ ದಾನಗಳಿಗಾಗಿಯಲ್ಲ. ಓಡಿಹೋಗದೆ ಕತ್ತಿ ಹಿಡಿದು ನಿಂತಲ್ಲೇ ಪ್ರಾಣ ಕೊಟ್ಟದ್ದಕ್ಕಾಗಿ.

ಇದನ್ನು ಹೇಳುವಾಗ ನೆರೆಯವರ ನಂಬಿಕೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ನಮ್ಮ ಮನೆಯ ಕಸವನ್ನು ಮೊದಲು ಗುಡಿಸಬೇಕು. ಸಫರ್ ತಿಂಗಳ ಮೊದಲ ಹದಿಮೂರು ದಿನಗಳನ್ನು 'ತೇರಾ ತೇಜಿ' ಎಂದು ಕರೆದು ಪ್ರಯಾಣ, ಮದುವೆ ನಿಲ್ಲಿಸುವವರು ನಾವೇ ಅಲ್ಲವೇ? ಸಫರ್‌ನಲ್ಲಿ ಅಪಶಕುನವಿಲ್ಲವೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಹೇಳಿದ್ದರೂ! ಈ ನಾಡಿನಲ್ಲೇ 12ನೇ ಶತಮಾನದಲ್ಲಿ ಬಸವಣ್ಣನವರು, ದೇವರನ್ನು ನಂಬಿದವನಿಗೆ ಚಂದ್ರಬಲ, ತಾರಾಬಲಗಳ ಹಂಗಿಲ್ಲವೆಂದು ಸಾರಿದ್ದರು. ತೌಹೀದಿನ ವಾರಸುದಾರರಾದ ನಾವು ಇನ್ನೂ ದಿನ ಎಣಿಸುತ್ತಿದ್ದೇವೆ.

ಅಲ್ಲಾಹನು ನಮ್ಮನ್ನು ಬರಿಗೈಯಲ್ಲಿ ಬಿಟ್ಟಿಲ್ಲ. ಸಂದಿಗ್ಧದಲ್ಲಿರುವವನಿಗೆ ಇಸ್ತಿಖಾರಾ ಇದೆ. ಎರಡು ರಕಅತ್ ನಮಾಝ್ ಮಾಡಿ, ಒಳಿತಿದ್ದರೆ ಸುಲಭಗೊಳಿಸು, ಕೆಡುಕಿದ್ದರೆ ದೂರಮಾಡು ಎಂದು ತನ್ನ ಒಡೆಯನಲ್ಲಿ ಬೇಡುವುದು. ಇದನ್ನೂ ನಾವು ಕೆಡಿಸಿದ್ದೇವೆ. ಹಣ ಕೊಟ್ಟು ಬೇರೊಬ್ಬರಿಂದ 'ಇಸ್ತಿಖಾರಾ ತೆಗೆಸುತ್ತೇವೆ', ಕನಸಿನಲ್ಲಿ ಬಣ್ಣ ಕಾಣುವುದನ್ನು ಕಾಯುತ್ತೇವೆ. ಅದು ಫಾಲ್‌ನ ಇನ್ನೊಂದು ರೂಪವಾಗಿಬಿಟ್ಟಿದೆ. ಕಷ್ಟ ನಿಮ್ಮದು, ಒಡೆಯನೂ ನಿಮ್ಮವನು. ನೀವೇ ಕೇಳಿ. ಇನ್ನು ರೋಗಕ್ಕೆ ಮದ್ದು ಮಾಡಬೇಕೆಂದೂ, ಮುಪ್ಪೊಂದರ ಹೊರತು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಗೂ ಔಷಧಿಗೂ ಹಣವಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಜೋಯಿಸರಿಗೆ ಕೊರತೆಯಿಲ್ಲದ ಅರಮನೆಗೂ ಆ ರೋಗ ನುಗ್ಗಿತು. ಅವರ ನೆನಪಿಗೆ ಈ ಊರಿನಲ್ಲಿ ಎದ್ದು ನಿಂತದ್ದು ಕ್ಷಯರೋಗದ ಆಸ್ಪತ್ರೆ.

ಆದ್ದರಿಂದ ಸಹೋದರ ಸಹೋದರಿಯರೇ, ಈವರೆಗೆ ಹೋದವರಿದ್ದರೆ ಇಂದೇ ತೌಬಾ ಮಾಡಿ. ಕಟ್ಟಿದ ದಾರವನ್ನು ಬಿಚ್ಚಿ. ನೆರೆಮನೆಯಲ್ಲಿ ಯಾರಾದರೂ ಪ್ರಶ್ನೆ ಹಾಕಿಸಲು ಹೊರಟಿದ್ದರೆ ಬೈಯಬೇಡಿ. ಭಯಪಟ್ಟವರಿಗೆ ಬೈಗುಳ ಬೇಡ, ಜೊತೆ ಬೇಕು. ಅವರ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಔಷಧಿಗೆ ಹಣವಿಲ್ಲದಿದ್ದರೆ ಕೊಡಿ, ರಾತ್ರಿ ಅವರಿಗಾಗಿ ದುಆ ಮಾಡಿ. ಜಮಾಅತ್‌ನವರು ಈ ಹೊಣೆ ಹೊತ್ತರೆ ಫಾಲ್ ತೆಗೆಯುವವರ ಅಂಗಡಿಗಳು ತಾವಾಗಿಯೇ ಮುಚ್ಚುತ್ತವೆ.

ಓ ಅಲ್ಲಾಹ್, ನಾಳೆಯನ್ನು ಬಲ್ಲವನು ನೀನೊಬ್ಬನೇ. ನಮ್ಮ ಪ್ರಯಾಣಿಕರನ್ನು ಕಾಪಾಡು, ನಮ್ಮ ರೋಗಿಗಳನ್ನು ಗುಣಪಡಿಸು. ನಿನ್ನ ಬಾಗಿಲನ್ನು ಬಿಟ್ಟು ಬೇರೆ ಬಾಗಿಲು ತಟ್ಟುವ ದೌರ್ಬಲ್ಯದಿಂದ ನಮ್ಮನ್ನೂ ನಮ್ಮ ಮಕ್ಕಳನ್ನೂ ರಕ್ಷಿಸು. ಆಮೀನ್.