ವಿದ್ಯೆಯೂ ವಿವೇಕವೂ

ವಿದ್ಯೆಯಿದ್ದರೆ ವಿವೇಕವಿದ್ದಂತೆಯೇ? ಬೈಬಲಿನ ಜ್ಞಾನೋಕ್ತಿಗಳ ಕಡೆಯ ಅಧ್ಯಾಯವು ಗುಣವತಿಯಾದ ಸ್ತ್ರೀಯ ನುಡಿಯಲ್ಲಿನ ಜ್ಞಾನವನ್ನು ಹೊಗಳುವ ಮೊದಲೇ, ನೂಲುವ ಆಕೆಯ ಕೈ ದಿಕ್ಕಿಲ್ಲದವರತ್ತ ಚಾಚುವುದನ್ನು ಹೇಳುತ್ತದೆ. ಈ ಕ್ರಮದ ಅರ್ಥವನ್ನು ಪುಣೆಯ ಸಮೀಪದ ಕೇಡಗಾಂವದಲ್ಲಿ ಕಾಣಬಹುದು.

ಕನ್ನಡ ನಾಡಿನ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿಗಳು ಘನ ವಿದ್ವಾಂಸರು. ಆದರೂ ಕ್ಷಾಮವು ತಂದೆತಾಯಿಯರಿಬ್ಬರನ್ನೂ ನುಂಗಿತು. ಕೂಲಿ ದುಡಿಯಲು ಕುಲದ, ಪಾಂಡಿತ್ಯದ ಅಭಿಮಾನವೇ ಅಡ್ಡಬಂದಿತೆಂದು ಮಗಳೇ ಬರೆದಿದ್ದಾರೆ. ಎಂತಹ ಕಹಿಯಾದ ಒಪ್ಪಿಗೆ! 1878ರಲ್ಲಿ ಕಲ್ಕತ್ತೆಯಲ್ಲಿ ‘ಸರಸ್ವತಿ’ ಎಂಬ ಬಿರುದು ಪಡೆದು, 1883ರಲ್ಲಿ ಕ್ರೈಸ್ತರಾದ ಅವರು, 1897ರ ಕ್ಷಾಮದಲ್ಲಿ ನಿರ್ಗತಿಕ ಹೆಣ್ಣುಮಕ್ಕಳನ್ನು ಕೇಡಗಾಂವಕ್ಕೆ ಕರೆತಂದು ಅನ್ನವಿಟ್ಟರು, ಅಕ್ಷರ ಕಲಿಸಿದರು. ಅಷ್ಟಕ್ಕೇ ನಿಲ್ಲದೆ ಕೈಕೆಲಸವನ್ನೂ ಕಲಿಸಿದರು. ಪ್ರಾರ್ಥನೆಯ ಜೊತೆಗೇ ನೇಯ್ಗೆ, ಬೇಸಾಯ, ಮುದ್ರಣ. ಅವರು ಮರಾಠಿಗೆ ಅನುವಾದಿಸಿದ ಬೈಬಲಿಗೆ ಅಚ್ಚುಮೊಳೆ ಜೋಡಿಸಿದವರು ಆ ಹೆಣ್ಣುಮಕ್ಕಳೇ.